ಪಾಸ್ಕೋ ಟೀಚರ್ ಕಂಡ ಹೊರಗಿನ ಧೂಮಕೇತು

ನಮ್ಮೂರು ಕೂನಾಬರಾಬ್ರನ್ನಿನಲ್ಲಿ ನಲವತ್ತು ದಾಟಿದವರಲ್ಲಿ ನೆರೀಡಾ ಪಾಸ್ಕೋ ಟೀಚರ್ ಕೈಯಲ್ಲಿ ಗಣಿತ ಕಲಿಯದವರು ಕಡಿಮೆ. ಅವರ ಮಾತೆಂದರೆ ಊರಿಗೆ ಶಿಲಾಶಾಸನ. ನಿವೃತ್ತಿಯಾದ ಮೇಲೆ ಅವರಿಗೆ ಧೂಮಕೇತುಗಳ ಹುಚ್ಚು ಹಿಡಿಯಿತು. ಹೊಸದೊಂದು ಕಂಡಾಗ ಬೆಟ್ಟದ ಮೇಲಿನ ದೂರದರ್ಶಕದವರು ಅದು ಆಕಾಶದಲ್ಲಿ ಎಲ್ಲೆಲ್ಲಿ ಕಂಡಿತೆಂದು ಅಂಕಿ ಕಳಿಸುತ್ತಾರೆ. ಟೀಚರ್ ಅಡುಗೆಮನೆಯ ಮೇಜಿನ ಮೇಲೆ ಅದು ಬಂದ ದಾರಿಯನ್ನು ಲೆಕ್ಕ ಹಾಕುತ್ತಾರೆ. ಲಾರಿ ಓಡಿಸುವುದು ಬಿಟ್ಟ ನಾನು ಆ ಅಂಕಿಗಳನ್ನು ಗಟ್ಟಿಯಾಗಿ ಓದಿ ಹೇಳುವವನು.

ಈ ಮಾರ್ಚಿನಲ್ಲಿ ಒಂದರ ದಾರಿ ಸುತ್ತಿ ಬಂದು ಮುಚ್ಚಿಕೊಳ್ಳಲೇ ಇಲ್ಲ. ಸೂರ್ಯನನ್ನು ಸುತ್ತಿ ಮತ್ತೆ ಬರುವಂಥದ್ದಲ್ಲ, ಬೇರೆ ಯಾವುದೋ ನಕ್ಷತ್ರದ ಕಡೆಯಿಂದ ಬಂದು ಹೋಗಿಬಿಡುವಂಥದ್ದು. ನನ್ನದು ಹರಕು ಬಾಯಿ, ಪತ್ರಿಕೆಯವರಿಗೆ ಹೇಳಿಬಿಟ್ಟೆ. ಟೀಚರ್ ತಡೆಯಲಿಲ್ಲ. ಶನಿವಾರದ ಪತ್ರಿಕೆಯ ಮೂರನೇ ಪುಟಕ್ಕೆ ಅವರ ಫೋಟೋ ಹೋಯಿತು.

ಶುಕ್ರವಾರ ಸಂಜೆ ಅವರ ಫೋನು ಬಂತು. ಸೂರ್ಯನೊಬ್ಬನನ್ನೇ ನಡುವೆ ಕೂರಿಸಿ ಲೆಕ್ಕ ಹಾಕಿದ್ದರಂತೆ. ಗುರುಗ್ರಹ ಸೂರ್ಯನನ್ನೂ ಚೂರು ಜಗ್ಗುತ್ತದೆ. ಸೂರ್ಯನ ಜೊತೆ ಎಲ್ಲ ಗ್ರಹಗಳನ್ನೂ ಸೇರಿಸಿದ ತೂಕದ ನಡುಬಿಂದುವನ್ನು ಹಿಡಿಯಬೇಕಿತ್ತು. ಹಿಡಿದದ್ದೇ ತಡ, ದಾರಿ ಮುಚ್ಚಿಕೊಂಡಿತು. ಅದು ನಮ್ಮದೇ, ನಮ್ಮ ಸೂರ್ಯನನ್ನೇ ಸುತ್ತಿ ಮೂವತ್ತು ಲಕ್ಷ ವರ್ಷಕ್ಕೊಮ್ಮೆ ಬರುವಂಥದ್ದು. ಪತ್ರಿಕೆ ಅಷ್ಟರಲ್ಲಿ ಅಚ್ಚಾಗಿತ್ತು. ಸುಮ್ಮನಿದ್ದುಬಿಡಿ, ಇಲ್ಲಿ ಯಾರಿಗೆ ತಿಳಿಯುತ್ತೆ ಅಂದೆ. ಚೆನ್ನಾಗಿ ಬೈಸಿಕೊಂಡೆ.

ಬೆಳಿಗ್ಗೆ ಅವರು ಪತ್ರಿಕೆ ಅಂಗಡಿಯ ಬಾಗಿಲಲ್ಲೇ ನಿಂತರು. ಕೊಂಡುಕೊಂಡವರಿಗೆಲ್ಲ ಮೂರನೇ ಪುಟ ತಪ್ಪು, ತಪ್ಪು ನನ್ನದು ಎಂದರು. ಪಕ್ಕದಲ್ಲಿ ನಿಂತ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರ ಹಳೇ ಶಿಷ್ಯ, ಬೇಕರಿಯ ಡೆಸ್ಮಂಡ್ ಮಾತ್ರ ಬಿಡಲಿಲ್ಲ.

"ಹಾಗಾದ್ರೆ ಅದು ನಮ್ದೇ ಅಲ್ವಾ ಟೀಚರ್?"

"ನಮ್ದೇ. ಆದ್ರೆ ಅದಿದ್ದ ಸೌರಮಂಡಲದ ಅಂಚಲ್ಲಿ ಸೂರ್ಯನ ಹಿಡಿತ ಅಷ್ಟಕ್ಕಷ್ಟೇ, ಕೊನೇ ಬೆಂಚಲ್ಲಿ ಕೂತಿದ್ದ ನಿನ್ನ ಮೇಲೆ ನನ್ನ ಹಿಡಿತ ಇದ್ದ ಹಾಗೆ. ಅಲ್ಲಿ ಇಡೀ ಆಕಾಶಗಂಗೆ ಎಳೆಯತ್ತೆ. ಹತ್ರ ಹಾದುಹೋಗೋ ನಕ್ಷತ್ರಾನೂ ಒಂದು ಕೈ ನೋಡತ್ತೆ."

"ಇದನ್ನ ಈ ಕಡೆ ನೂಕಿದ್ದು ಯಾರು ಮತ್ತೆ?"

"ಗೊತ್ತಿಲ್ಲ ಕಣಪ್ಪ. ಒಂದು ಸುತ್ತು ಹಿಂದಕ್ಕೆ ಹೋಗೋದ್ರೊಳಗೆ ಲೆಕ್ಕ ಎಲ್ಲಾ ಕಲಸಿಹೋಗತ್ತೆ. ನಮ್ದು ಅಂತೀನಿ. ನಮ್ದು ಅನ್ನೋದು ಎಲ್ಲೀವರೆಗೆ ಅಂದ್ರೆ ನಂಗೇ ತಿಳೀತಿಲ್ಲ."

ಡೆಸ್ಮಂಡ್ ತಲೆ ಕೆರೆದುಕೊಂಡು ಹೋದ. ನನ್ನ ತಲೆಯೂ ಕಲಸುಮೇಲೋಗರ. ಹೊರಗಿನದೆಂದರೆ ತಪ್ಪು, ನಮ್ಮದೆಂದರೆ ಅದೂ ಪೂರಾ ನಿಜವಲ್ಲ. ಇನ್ನು ಊರವರಿಗೆ ಏನು ಹೇಳುವುದು?

ಮಧ್ಯಾಹ್ನ ಪತ್ರಿಕೆಯ ಕಟ್ಟಿನಲ್ಲಿ ಒಂದೇ ಪ್ರತಿ ಉಳಿಯಿತು. ಅದನ್ನು ಟೀಚರೇ ಕೊಂಡರು. ಹರಿದುಹಾಕುವುದಕ್ಕಾ ಎಂದು ಕೇಳಿದೆ. ಅವರು ಮಡಿಸಿ ಚೀಲಕ್ಕೆ ಹಾಕಿಕೊಂಡರು, ಕಣ್ಣು ತುಂಬಿತ್ತು.

"ಅದು ಬೇರೆ ಕಡೇದೇ ಆಗ್ಲಿ ಅಂತ ನಂಗೆಷ್ಟು ಆಸೆ ಇತ್ತು ಗೊತ್ತೇನೋ ಮರ್ವಿನ್? ನಾಲ್ಕು ದಿನ ಖುಷಿಗೆ ಊಟಾನೇ ಸೇರ್ಲಿಲ್ಲ."