ಉಪ್ಪು ನೋಡದ ಕಿಟ್ಟಣ್ಣ

ನಲವತ್ತು ವರ್ಷ ನಂಜನಗೂಡಿನ ಮನೆಮನೆಗಳಲ್ಲಿ ಮಡಿಯಡುಗೆ ಮಾಡಿದ ಕಿಟ್ಟಣ್ಣ ಒಂದೇ ಒಂದು ದಿನವೂ ಉಪ್ಪು ನೋಡಿದವರಲ್ಲ. ಉಪನಯನವಿರಲಿ, ತಿಥಿಯಿರಲಿ, ನೈವೇದ್ಯವಾಗುವವರೆಗೆ ಅಡುಗೆ ನಾಲಿಗೆಗೆ ತಾಗಬಾರದು. ಕುದಿಯುವ ಹುಳಿಯ ಮೇಲೆ ಬಗ್ಗಿ ಒಮ್ಮೆ ಮೂಗರಳಿಸುವುದು, ಕೈಯಳತೆಯಲ್ಲಿ ಉಪ್ಪು ಬಿಡುವುದು, ಮುಗಿಯಿತು. ಇನ್ನೂರು ಎಲೆ ಹಾಕಿದರೂ ಉಪ್ಪು ಸಾಲದೆಂದು ಯಾರೂ ಅನ್ನುತ್ತಿರಲಿಲ್ಲವಂತೆ. "ನಾಲಿಗೆ ಸುಳ್ಳು ಹೇಳ್ಬಹುದು ಕಣಮ್ಮಾ, ಈ ಕೈ ಹೇಳಲ್ಲ" ಎಂದು ಬಲಗೈಯನ್ನು ನನ್ನ ಮುಖದ ಮುಂದೆ ಆಡಿಸುತ್ತಿದ್ದರು. ಜಂಬವೋ ಜಂಬ!

ನಾನು ಮೂಗೂರಿನ ಕಡೆಯವಳು. ನಂಜನಗೂಡಿನ ಬಳಿಯ ತಾಂಡ್ಯದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ನಾನು ಮತ್ತು ಗುಂಡ, ಬೀದಿಯಲ್ಲಿ ಸಿಕ್ಕ ಕಂದು ನಾಯಿ. ಪಕ್ಕದ ಬಾಡಿಗೆ ಮನೆಯಲ್ಲಿ ಕಿಟ್ಟಣ್ಣ. ಮಂಡಿನೋವಿನಿಂದ ಅಡುಗೆ ಕೆಲಸ ಬಿಟ್ಟು, ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ "ಇವತ್ತೇನು ಸಾರು?" ಎಂದು ವಿಚಾರಿಸುವುದೇ ಅವರ ದಿನಚರಿಯಾಗಿತ್ತು.

ಎಂಟನೆಯ ವಯಸ್ಸಿಗೆ ಗುಂಡ ಊಟ ಬಿಟ್ಟ. ವಾಂತಿ ಮಾಡಿಕೊಂಡ, ಬಕೆಟ್ಟುಗಟ್ಟಲೆ ನೀರು ಕುಡಿಯತೊಡಗಿದ. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, "ಕಿಡ್ನಿ ಸೋತಿದೆ. ಪೂರ್ತಿ ವಾಸಿಯಾಗಲ್ಲ. ಆದ್ರೆ ಊಟ ಸರಿಯಾಗಿ ನೋಡ್ಕೊಂಡ್ರೆ ಇನ್ನೂ ಕೆಲವು ವರ್ಷ ಇರ್ತಾನೆ" ಎಂದರು. ಮೆತ್ತಗೆ ಬೇಯಿಸಿದ ಅನ್ನ, ಸೋರೆಕಾಯಿ, ಮೊಟ್ಟೆಯ ಬಿಳಿ ಭಾಗ, ಧಾರಾಳವಾಗಿ ನೀರು. ಮೂಳೆ, ಹಾಲು, ಮೊಸರು ಬೇಡ. ಉಪ್ಪಂತೂ ಬೇಡವೇ ಬೇಡ.

ಮೂಗೂರಿನಿಂದ ಅವ್ವ ಫೋನಿನಲ್ಲಿ, "ಕಾಲ್ ಸೂಪ್ ಕುಡ್ಸವ್ವ, ಎದ್ದು ಓಡಾಡ್ತದೆ" ಎಂದಳು.

"ಅದ್ನೇ ಕೊಡ್ಬಾರ್ದಂತೆ ಕಣವ್ವ."

"ಅಂಗಾರೆ ಸೋರೇಕಾಯ್ ತಿಂದ್ಕಂಡ್ ಬದುಕ್ತದಾ ನಾಯಿ?"

ಬದುಕಿಸಬೇಕಾಗಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ತಿನ್ನಿಸುವವರು ಯಾರು? ನಾನು ಬೆಳಗ್ಗೆ ಏಳಕ್ಕೆ ಕಂಪನಿ ಬಸ್ಸು ಹತ್ತಬೇಕು. ಕಿಟ್ಟಣ್ಣ ತಾವಾಗಿಯೇ ಬಂದು ಬೀಗದ ಕೈ ಕೇಳಿದರು. "ಇನ್ನೂರು ಎಲೆಗೆ ಬೇಯ್ಸಿದ್ದೀನಿ, ಒಂದು ತಟ್ಟೆ ನನಗೆ ಭಾರವಾ?"

ಮೊಟ್ಟೆಯ ವಿಷಯ ಹೇಳಲು ನನಗೇ ಮುಜುಗರ. ನಾನೇ ಬೇಯಿಸಿಟ್ಟು ಹೋಗುತ್ತೇನೆಂದೆ. ಮೊದಲ ವಾರ ಮುಖ ಆ ಕಡೆ ತಿರುಗಿಸಿಕೊಂಡು ಚಮಚದಲ್ಲಿ ಬೆರೆಸಿದರು. ಎರಡನೆಯ ವಾರ ನೋಡಿದರೆ ತಾವೇ ಸಿಪ್ಪೆ ಸುಲಿಯುತ್ತಾ ಕೂತಿದ್ದಾರೆ! "ಔಷಧಿಗೇನು ಮಡಿ ಮೈಲಿಗೆ?" ಎಂದರು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು, ಆ ಮಾತು ಬೇರೆ.

ಗುಂಡ ತಟ್ಟೆ ನೆಕ್ಕಿ ತಿನ್ನುತ್ತಿದ್ದ. ಆದರೂ ತಿಂಗಳು ಕಳೆಯುವುದರೊಳಗೆ ಕಾಲು ಊದಿಕೊಂಡಿತು, ಬಿಪಿ ಏರಿತು. "ಎಲ್ಲಿಂದಲೋ ಉಪ್ಪು ಹೋಗ್ತಿದೆ, ನೋಡಿ. ಹೀಗೇ ಆದ್ರೆ ಉಳಿಯೋದು ಕಷ್ಟ" ಎಂದರು ಡಾಕ್ಟರಮ್ಮ. ಬಿಸ್ಕತ್ತು ಹಾಕುತ್ತಾರೆಂದು ನಾನು ಎದುರುಮನೆಯವರ ಜೊತೆ ಜಗಳವಾಡಿಯೂ ಬಂದೆ, ಪಾಪ.

ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಕಿಟ್ಟಣ್ಣ ಯಾವುದೋ ಮದುವೆಯಲ್ಲಿ ಪಾಯಸ ತಳ ಹಿಡಿದ ಕಥೆ ಹೇಳುತ್ತಾ ಅನ್ನ ಕಲಕುತ್ತಿದ್ದರು. ಕಥೆ ನಿಲ್ಲಲಿಲ್ಲ, ಕೈ ಮಾತ್ರ ಪಕ್ಕದ ಭರಣಿಗೆ ಹೋಗಿ ಬಂದು ಪಾತ್ರೆಯ ಮೇಲೆ ಉದುರಿಸಿತು.

"ಕಿಟ್ಟಣ್ಣ! ಉಪ್ಪು!"

"ಎಲ್ಲಮ್ಮಾ?"

"ಈಗ್ತಾನೇ ಹಾಕಿದ್ರಲ್ಲ!"

"ಏನ್ ತಲೆ ಕೆಟ್ಟಿದ್ಯಾ? ನಾನ್ಯಾಕೆ ಹಾಕ್ಲಿ?"

"ಹಾಗಾದ್ರೆ ಬಾಯಿಗೆ ಹಾಕ್ಕೊಂಡು ನೋಡಿ."

ಸೌಟಿನಿಂದ ಒಂದು ತೊಟ್ಟು ಗಂಜಿಯನ್ನು ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ತಾಗಿಸಿದರು. "ಅಯ್ಯೋ ನಂಜುಂಡ! ದಿನಾ ನಾನೇ ಹಾಕ್ತಿದ್ನೇನೋ ತಾಯಿ!" ಎಂದು ಅಲ್ಲೇ ಕುಸಿದು ಕೂತರು. ನನ್ನ ಬಾಯಿ ಕೆಟ್ಟದ್ದು. "ನಾಳೆಯಿಂದ ನೀವು ಬರೋದೇ ಬೇಡ" ಎಂದುಬಿಟ್ಟೆ. ಅಂದದ್ದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮರುದಿನ ಆರಕ್ಕೇ ಬಂದರು. ನನ್ನನ್ನು ಮಾತಾಡಿಸದೆ ಒಳಗೆ ನುಗ್ಗಿ ಉಪ್ಪಿನ ಭರಣಿ ಎತ್ತಿಕೊಂಡರು. "ಇದು ಇನ್ಮೇಲೆ ನಮ್ಮನೇಲಿರತ್ತೆ. ನಿನ್ನ ಸಾರಿಗೆ ಬೇಕಾದ್ರೆ ಬಂದು ಇಸ್ಕೊಂಡು ಹೋಗು." ಅಂದಿನಿಂದ ಮೊಟ್ಟೆ ಬೆರೆಸುವ ಮುಂಚೆ ಗುಂಡನ ಅನ್ನವನ್ನು ಬಾಯಿಗೆ ಹಾಕಿ ನೋಡದೆ ಇಟ್ಟವರಲ್ಲ. ದೇವರ ಅಡುಗೆಗೆ ಮುರಿಯದ ನೇಮವನ್ನು ನನ್ನ ನಾಯಿಗಾಗಿ ಮುರಿದರು. ಕಾಲಿನ ಊತ ಇಳಿಯಿತು. ಮುಂದಿನ ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ ನಕ್ಕರು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಮಾಲೀಕರು ಮನೆ ಬಿಡಿಸಿಕೊಂಡಿದ್ದರಿಂದ ಕಿಟ್ಟಣ್ಣ ತಿ. ನರಸೀಪುರದ ತಂಗಿಯ ಮನೆಗೆ ಹೋದರು. ನಾನು ರಾತ್ರಿ ಪಾಳಿ ಹಾಕಿಸಿಕೊಂಡು ಹಗಲು ಮನೆಯಲ್ಲಿರತೊಡಗಿದೆ. ಗುಂಡ ಎರಡು ದಿನ ಅನ್ನ ಮೂಸಿಯೂ ನೋಡಲಿಲ್ಲ. ಅಳುತ್ತಾ ಫೋನ್ ಮಾಡಿದೆ. ಬೆಳಗಿನ ಮೊದಲ ಬಸ್ಸಿಗೇ ಬಂದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಆವತ್ತೇ. ಅದೇ ವರ್ಷ ನರಸೀಪುರದಲ್ಲಿ ತೀರಿಕೊಂಡರು. ಗುಂಡ ಇನ್ನೂ ಇದ್ದಾನೆ.

ಆವತ್ತು ಕಿಟ್ಟಣ್ಣ ಗೇಟಿನ ಒಳಗೆ ಕಾಲಿಡಲಿಲ್ಲ. "ನನ್ನ ನೋಡಿದ್ರೆ ನನ್ನ ಕೈಯಿಂದ್ಲೇ ಬೇಕು ಅಂತಾನೆ. ತಟ್ಟೆ ಇಟ್ಟು ನೀನೇನು ಮಾಡ್ತೀಯ?"

"ತಿಂತಾನಾ ಅಂತ ನೋಡ್ತಾ ನಿಂತಿರ್ತೀನಿ."

"ಸರಿಹೋಯ್ತು! ಬಡಿಸಿದ ಮೇಲೆ ಉಣ್ಣೋರ ಮುಖ ನೋಡ್ಬಾರ್ದು ಕಣಮ್ಮಾ, ತುತ್ತು ಇಳಿಯಲ್ಲ. ಬೆನ್ನು ಹಾಕ್ಕೊಂಡು ಕೂತ್ಕೊ, ಏನಾದ್ರೂ ಕೆಲಸ ಮಾಡ್ಕೊ. ಹೋಗು."

ಹಿತ್ತಿಲಲ್ಲಿ ತಟ್ಟೆ ಇಟ್ಟು, ಬೆನ್ನು ಹಾಕಿ ಕೂತು ಹುರುಳಿಕಾಯಿ ಬಿಡಿಸಿದೆ. ಬಹಳ ಹೊತ್ತಾದ ಮೇಲೆ ಹಿಂದಿನಿಂದ ಚಪಚಪ ಸದ್ದು ಕೇಳಿಸಿತು. ಮೆಲ್ಲಗೆ ಎದ್ದು ಮುಂಬಾಗಿಲಿಗೆ ಓಡಿದೆ. ಕಿಟ್ಟಣ್ಣ ಆಗಲೇ ಬೀದಿಯ ತಿರುವಿನಲ್ಲಿದ್ದರು, ಮಂಡಿ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆ ಹೊರಟಿದ್ದರು.

"ಕಿಟ್ಟಣ್ಣಾ, ತಿಂತಾ ಇದಾನೆ!" ಎಂದು ಕೂಗಿದೆ.

ತಿರುಗಲಿಲ್ಲ. ಕೈ ಮೇಲೆತ್ತಿ, ಒಳಗೆ ಹೋಗು ಎಂದು ಬೀಸಿದರು.