ಬೂದಿ ಒರೆಸಿದ ಸಾಲು

ಎಲೆಯ ಮೇಲಿನ ಬೂದಿ ರೋಗವನ್ನು ಗುರುತಿಸುವುದೇ ನನ್ನ ಸಂಶೋಧನೆ ಎಂದರೆ ನಮ್ಮಮ್ಮನೇ ನಗುತ್ತಿದ್ದಳು. "ಬೆಳ್ಳಗೆ ಕಾಣ್ತಾ ಇದೆಯಲ್ಲ, ಇನ್ನೇನು ಗುರುತಿಸೋದು?" ಎನ್ನುತ್ತಿದ್ದಳು. ಕಾಣುತ್ತದೆ, ಅದೇ ಕರ್ಮ. ಕುಂಬಳದ ಎಲೆಯ ಮೇಲೂ ಬಿಳಿ ಪುಡಿ, ಹಿಪ್ಪುನೇರಳೆಯಲ್ಲೂ ಬಿಳಿ ಪುಡಿ. ಅದು ಯಾವ ಶಿಲೀಂಧ್ರ ಎಂದು ಖಚಿತವಾಗಿ ಹೇಳಬೇಕಾದರೆ ಎಲೆ ಬಲಿತು ಹಳದಿಯಾಗಬೇಕು, ಪುಡಿಯ ನಡುವೆ ಸಾಸಿವೆಗಿಂತ ಎಷ್ಟೋ ಚಿಕ್ಕ ಕಪ್ಪು ಚುಕ್ಕಿಗಳು ಮೂಡಬೇಕು, ಅವುಗಳ ಸುತ್ತಲಿನ ಕೂದಲಿನ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. "ಚುಕ್ಕಿ ಇಲ್ಲದೆ ಹೆಸರಿಲ್ಲ, ಹೆಸರಿಲ್ಲದೆ ಪ್ರಬಂಧವಿಲ್ಲ" ಎಂದು ನಮ್ಮ ಮೇಷ್ಟ್ರು ಎರಡು ವರ್ಷದಿಂದ ಜಪ ಮಾಡುತ್ತಿದ್ದರು.

ರಾಮನಗರದ ಸುತ್ತ ಹಿಪ್ಪುನೇರಳೆಗೆ ಬರವೇ? ಆದರೆ ಆ ಸೊಪ್ಪು ಇರುವುದು ರೇಷ್ಮೆ ಹುಳಕ್ಕೆ. ಬಲಿಯುವ ಮುಂಚೆಯೇ ಕಿತ್ತು ಹಾಕಿಬಿಡುತ್ತಾರೆ. ನನ್ನ ಚುಕ್ಕಿಗಾಗಿ ಯಾರು ಕಾಯುತ್ತಾರೆ? ಮಾಗಡಿ, ಕನಕಪುರ, ಚನ್ನಪಟ್ಟಣ ಎಲ್ಲ ತಿರುಗಿದೆ. ಬಿಡದಿ ಬಳಿ ಒಮ್ಮೆ ಬಸ್ಸಿನಿಂದಲೇ ಬೆಳ್ಳಗಿನ ತೋಟ ಕಂಡು, ಇಳಿದು ಓಡಿ, ಚೀಲದ ತುಂಬ ಎಲೆ ತಂದೆ. ಲ್ಯಾಬಿನಲ್ಲಿ ನೋಡಿದರೆ ಜಲ್ಲಿ ಕ್ರಷರಿನ ಧೂಳು. ಆವತ್ತು ಯಾರು ಮಾತಾಡಿಸಿದರೂ ರೇಗಿದೆ.

ಕೊನೆಗೆ ಮರಳವಾಡಿಯ ಹತ್ತಿರ ಒಬ್ಬರು ಅಕ್ಕ ಒಪ್ಪಿದರು. ಗಂಡ ಬೆಳಗಿನ ಬಸ್ಸಿಗೆ ಫ್ಯಾಕ್ಟರಿ ಕೆಲಸಕ್ಕೆ ಹೋದರೆ ತೋಟ, ಹುಳ ಎರಡೂ ಅವರ ತಲೆಯ ಮೇಲೆ. "ಈ ಒಂದು ಸಾಲು ಕೀಳಬೇಡಿ ಅಕ್ಕ, ಒಂದು ತಿಂಗಳು ಹಾಗೇ ಬಿಡಿ" ಎಂದು ಕೇಳಿಕೊಂಡು ಗುರುತಿಗೆ ಕೆಂಪು ದಾರ ಕಟ್ಟಿದೆ. "ಅದ್ಕೇನಂತೆ, ಬುಡ್ತೀನಿ" ಎಂದರು.

ವಾರಕ್ಕೊಮ್ಮೆ ಹೋಗಿ, ಎಲೆ ಮಗುಚಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದೆ. ಮೂರನೆಯ ವಾರ ಎಲೆಯಡಿಯಲ್ಲಿ ಹಳದಿ ಚುಕ್ಕಿಗಳು ಕಂಡವು. ಇನ್ನೊಂದು ವಾರಕ್ಕೆ ಕಪ್ಪಾಗುತ್ತವೆ. ಖುಷಿ ತಡೆಯಲಾರದೆ, "ಅಕ್ಕ, ರೋಗ ಚೆನ್ನಾಗಿ ಹಿಡಿದಿದೆ. ಗುರುವಾರ ಬಂದು ಎಲ್ಲ ಬರೆದುಕೊಂಡು ಹೋಗ್ತೀನಿ" ಎಂದೆ. ಅವರ ಕಣ್ಣು ನನ್ನ ಪುಸ್ತಕದ ಮೇಲಿತ್ತು.

ಗುರುವಾರ ಹೋದರೆ ಇಡೀ ಸಾಲು ಹಸಿರಾಗಿ ಫಳಫಳ ಹೊಳೆಯುತ್ತಿದೆ. ಒಂದು ಎಲೆ ಮಗುಚಿದೆ, ಇನ್ನೊಂದು, ಮತ್ತೊಂದು. ಎಲ್ಲೂ ಪುಡಿಯಿಲ್ಲ. ಹಳದಿ ಎಲೆಗಳನ್ನು ಆಗ ತಾನೇ ಕಿತ್ತು ಹಸುವಿಗೆ ಹಾಕಿದ್ದರು. ಉಳಿದವನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಮಗೇನು ತಲೆ ಕೆಟ್ಟಿದೆಯಾ? ಎರಡು ವರ್ಷದ ಕೆಲಸ ಇದು" ಎಂದು ಕೂಗಿಯೇಬಿಟ್ಟೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ ಆಡುವ ಮಾತೇ ಅದು? ಇವತ್ತಿಗೂ ನಾಚಿಕೆಯಾಗುತ್ತದೆ.

"ಪಕ್ಕದ ಹೊಲಕ್ಕೆ ಕಲ್ ನೆಟ್ಟವ್ರೆ, ನೋಡವ್ವ" ಎಂದರು ಅವರು. ಬೇಲಿಯಾಚೆ ಬಣ್ಣ ಬಳಿದ ಕಲ್ಲುಗಳು. ಪ್ರತಿ ವಾರ ಅವುಗಳನ್ನು ದಾಟಿಯೇ ಬಂದಿದ್ದೆ, ನೋಡಿರಲಿಲ್ಲ. "ಫ್ಯಾಕ್ಟರಿಗೆ ಜಮೀನ್ ತಕ್ಕೊಳೋರೂ ಹಿಂಗೇ ದಾರ ಹಿಡ್ಕಂಡು ಬಂದ್ರು, ಬುಕ್ಕಲ್ಲಿ ಬರ್ಕೊಂಡ್ರು. ಬೆಳೆ ಆಗ್ದಿರೋ ಜಮೀನು ಅಂತ ಬರ್ದ್ರಂತೆ. ನೀನೂ ರೋಗ ಅಂತ ಬರ್ದುಬುಟ್ರೆ ನಮ್ದೂ ಹೊಂಟೋಯ್ತದಲ್ಲವ್ವ. ಅದ್ಕೇ ಒಸಿ ಒರೆಸ್ದೆ."

ಒಸಿಯಂತೆ. ಒಂದು ಎಲೆಯನ್ನೂ ಬಿಟ್ಟಿರಲಿಲ್ಲ.

ನನ್ನ ಪುಸ್ತಕಕ್ಕೂ ಜಮೀನಿಗೂ ಸಂಬಂಧವಿಲ್ಲ ಎಂದು ಹತ್ತು ಸಲ ಹೇಳಿದೆ. ನಂಬಿದರೋ ಇಲ್ಲವೋ, ಎದ್ದು ಕೊಟ್ಟಿಗೆಗೆ ಹೋಗಿ, ಹಸು ತಿಂದು ಮಿಕ್ಕಿದ್ದರಲ್ಲಿ ಕೈಯಾಡಿಸಿ, ನಾಲ್ಕು ಹಳದಿ ಎಲೆ ತಂದರು. ಮಗುಚಿ ಲೆನ್ಸ್ ಹಿಡಿದೆ. ಕಪ್ಪು ಚುಕ್ಕಿಗಳಿದ್ದವು.

ಎಲೆಗಳನ್ನು ಪೇಪರಿನ ನಡುವೆ ಇಟ್ಟು ಚೀಟಿ ಬರೆದೆ: ಗಿಡ, ಊರು, ತಾರೀಖು, ರೋಗ. ಕಣ್ಣಾರೆ ಕಂಡದ್ದನ್ನು ಬಿಟ್ಟು ಚೀಟಿಯಲ್ಲಿ ಬೇರೇನೂ ಬರೆಯಬಾರದು ಎಂಬುದು ಮೇಷ್ಟ್ರ ಕಟ್ಟಪ್ಪಣೆ. ಅಕ್ಕ ಓದಿಸಿ ಕೇಳಿಸಿಕೊಂಡರು.

"ತೋಟ ಚೆನ್ನಾಗೈತೆ ಅಂತ್ಲೂ ಬರಿ. ಇಲ್ದಿದ್ರೆ ಎಲೆ ವಾಪಸ್ ಕೊಡು" ಎಂದು ಕೈ ಚಾಚಿದರು.

ಹಲ್ಲು ಕಚ್ಚಿಕೊಂಡು ಬರೆದೆ.

ಚುಕ್ಕಿ ಸಿಕ್ಕಿತು, ಹೆಸರೂ ಸಿಕ್ಕಿತು. ಮೇಷ್ಟ್ರು ಮಾತ್ರ ಚೀಟಿ ಓದಿ ಹುಬ್ಬು ಗಂಟಿಕ್ಕಿದರು. "ಇದೇನಮ್ಮ ಇದು, ತೋಟ ಚೆನ್ನಾಗಿದೆ ಅಂತ? ತೆಗೆದು ಬೇರೆ ಬರಿ." ಪೆನ್ನು ತೆಗೆದುಕೊಂಡವಳು ಹಾಗೇ ಕೂತೆ. ಕೆಂಪು ದಾರದ ಆ ಒಂದು ಸಾಲು ಬಿಟ್ಟರೆ ಉಳಿದ ತೋಟ ಹಸಿರಾಗಿದ್ದುದನ್ನು ನಾನು ತಿಂಗಳಿಡೀ ನೋಡಿದ್ದೆನಲ್ಲ. "ಕಂಡದ್ದನ್ನೇ ಬರೆದಿದ್ದೀನಿ ಸರ್" ಎಂದೆ. ಚೀಟಿ ಹಾಗೇ ಉಳಿಯಿತು.

ಎರಡು ವರ್ಷದ ಮೇಲೆ ಆ ಕಡೆ ಹೋದಾಗ ಕಲ್ಲುಗಳು ಬೇಲಿ ದಾಟಿದ್ದವು. ತೋಟವಿದ್ದಲ್ಲಿ ಕಾಂಪೌಂಡ್ ಗೋಡೆ ಎದ್ದಿತ್ತು. ಆ ತೋಟ ಚೆನ್ನಾಗಿತ್ತು ಎಂದು ಬರೆದ ಕಾಗದ ಎಲ್ಲಾದರೂ ಇದ್ದರೆ ಆ ಚೀಟಿಯೊಂದೇ, ಅದೂ ನಮ್ಮ ಲ್ಯಾಬಿನಲ್ಲಿ ರೋಗ ಬಿದ್ದ ಎಲೆಗಳನ್ನಿಡುವ ಬೀರುವಿನಲ್ಲಿ.