ತಿಳಿಯಾಗದ ಜಾಡಿ
ಕೊಳಚೆ ನೀರು ಶುದ್ಧಿ ಮಾಡುವ ತೊಟ್ಟಿಗೇ ಫಿನಾಯಿಲ್ ಸುರಿದ ಭೂಪ ಯಾರಾದರೂ ಇದ್ದರೆ, ಅವನು ತೊಟ್ಟಿಯಕ್ಕನ ಗಂಡ. ಪಾಪ, ಕೆಟ್ಟ ಬುದ್ಧಿಯಿಂದಲ್ಲ. ತಂಗಿಯ ಹೆರಿಗೆಗೆಂದು ಹೆಂಡತಿ ನಾಲ್ಕು ದಿನ ಹೋಗಿದ್ದಳು. ಬರುವಷ್ಟರಲ್ಲಿ ತೊಟ್ಟಿ ಘಮಘಮ ಎನ್ನಲಿ ಎಂದು ಐದು ಕ್ಯಾನು ಖಾಲಿ ಮಾಡಿದ್ದ.

ಹದಿನೆಂಟು ವರ್ಷದಿಂದ ಆ ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವಳು ಅವಳು. ಒಳಗಿರುವ ಬ್ಯಾಕ್ಟೀರಿಯಾಗಳೇ ಅಸಲಿ ಕೆಲಸಗಾರರು, ತಾನು ಬರೀ ಮೇಸ್ತ್ರಿ ಎನ್ನುತ್ತಿದ್ದಳು. ಒಂದು ಬಗೆಯದು ತಿಂದು ಬಿಟ್ಟದ್ದು ಇನ್ನೊಂದಕ್ಕೆ ಊಟ. ತಿನ್ನುತ್ತಲೇ ಒಂದಕ್ಕೊಂದು ಅಂಟಿಕೊಂಡು ಕಂದು ಗಂಟುಗಳಾಗಿ ತಳಕ್ಕಿಳಿಯುತ್ತವೆ, ಮೇಲೆ ತಿಳಿನೀರು ಉಳಿಯುತ್ತದೆ. ದಿನಕ್ಕೊಮ್ಮೆ ತೊಟ್ಟಿಯ ನೀರನ್ನು ಗಾಜಿನ ಜಾಡಿಯಲ್ಲಿ ತುಂಬಿ ಅರ್ಧ ಗಂಟೆ ಇಟ್ಟರೆ ಅವುಗಳ ಕ್ಷೇಮಸಮಾಚಾರ ತಿಳಿಯುತ್ತಿತ್ತು.

ಅವಳು ಮರಳಿದ ದಿನ ಜಾಡಿ ಅಕ್ಕಿ ತೊಳೆದ ನೀರಿನ ಹಾಗೆ ಕದಡಿಕೊಂಡೇ ಇತ್ತು. ಮೂಸಿದರೆ ಫಿನಾಯಿಲ್ ವಾಸನೆ, ಮೂಲೆಯಲ್ಲಿ ನೋಡಿದರೆ ಐದು ಖಾಲಿ ಕ್ಯಾನು.

"ಶನಿವಾರದೊಳಗೆ ತಿಳಿಯಾಗ್ಲಿಲ್ಲ ಅಂದ್ರೆ ತೊಟ್ಟಿ ಖಾಲಿ ಮಾಡಿಸಿ, ಕೆಲಸ ಬೇರೆಯವರಿಗೆ ಕೊಡ್ತೀನಿ," ಎಂದರು ತಪಾಸಣೆಗೆ ಬಂದ ಇಂಜಿನಿಯರು. ಫಿನಾಯಿಲ್ ಹಾಕಿದ್ದು ಯಾರೆಂದು ಅವರು ಕೇಳಿದ್ದಕ್ಕೆ ಅವಳು ಮಾತು ಹಾರಿಸಿದ್ದಳು. ಕೆಲಸ ಹೋದರೆ, ಅದರ ಜೊತೆಗೆ ಕೊಟ್ಟಿದ್ದ ಗೇಟಿನ ಪಕ್ಕದ ಮನೆಯೂ ಹೋಗುತ್ತಿತ್ತು.

"ನಾನೇ ಹೋಗಿ ಒಪ್ಕೊಂಡ್ಬಿಡ್ತೀನಿ ಕಣೇ," ಎಂದ ಗಂಡ.

"ನೀವು ಮಾಡಿರೋ ಉಪಕಾರ ಸಾಕು, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ. ಗಂಟಿನ ಹೊರಗಿನವು ಸತ್ತಿರ್ತವೆ. ನಡುವೆ ಅವಿತ್ಕೊಂಡಿರೋವು ಉಳಿದಿರ್ತವೆ. ಅಷ್ಟಿದ್ರೆ ಸಾಕು, ಮತ್ತೆ ಕೂಡ್ಕೊಳ್ತವೆ."

ಬರುವ ಕೊಳಚೆಯನ್ನು ಪಕ್ಕದ ತೊಟ್ಟಿಗೆ ತಿರುಗಿಸಿದಳು. ದಿನಕ್ಕಿಷ್ಟೇ ಎಂದು ಅಳೆದು ಒಳಬಿಟ್ಟಳು, ಗಾಳಿ ಊದುವ ಯಂತ್ರ ನಿಲ್ಲದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬುಧವಾರವೂ ಕದಡು, ಗುರುವಾರವೂ ಕದಡು. ಗಂಡನಿಗೆ ತುತ್ತು ಇಳಿಯಲಿಲ್ಲ. ಶುಕ್ರವಾರ ಜಾಡಿಯ ತಳದಲ್ಲಿ ಒಂದು ಬೆರಳಿನಷ್ಟು ಕಂದು ಕಂಡಿತು.

ಶನಿವಾರ ಇಂಜಿನಿಯರು ಗಡಿಯಾರ ನೋಡುತ್ತಾ ಎದುರಿಗೆ ಕೂತರು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಚೂರಿಗೆ ಚೂರು ತಾಗಿ, ಗಂಟಾಗಿ, ಮೆಲ್ಲಗೆ ಇಳಿಯತೊಡಗಿತು. ಅರ್ಧ ಗಂಟೆಯಾದಾಗ ಜಾಡಿಯ ಆಚೆ ಅವರ ಅಂಗಿಯ ಗುಂಡಿಗಳು ಒಂದೊಂದಾಗಿ ಕಾಣಿಸಿದವು. ತೊಟ್ಟಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ನಾಚಿಕೆ ಬಿಟ್ಟು ಅತ್ತಳು.

"ಈಗಲಾದ್ರೂ ಹೇಳಿ. ಫಿನಾಯಿಲ್ ಹಾಕಿದ್ದು ಯಾರು?" ಎಂದು ಕೇಳಿದರು ಇಂಜಿನಿಯರು.

"ನಾನು," ಎಂದರು ಗಂಡ ಹೆಂಡಿರು, ಒಟ್ಟಿಗೇ.

ಇಂಜಿನಿಯರು ಜಾಡಿ ನೋಡಿದರು, ಇವರನ್ನು ನೋಡಿದರು. "ಈ ಗಂಟು ಬಿಡಿಸೋದು ನನ್ನಿಂದಾಗಲ್ಲ," ಎಂದು ನಕ್ಕು, ರಿಜಿಸ್ಟರಿಗೆ ಸಹಿ ಹಾಕಿ ಎದ್ದರು.

"ಇನ್ನೊಂದ್ಸಲ ಆ ಕ್ಯಾನು ಮುಟ್ಟಿ, ಆಮೇಲಿದೆ ನಿಮಗೆ," ಎಂದು ಗದರುತ್ತಲೇ ಅವಳು ಊಟಕ್ಕಿಟ್ಟಳು. ಅವನು ಎರಡು ಸಲ ಹಾಕಿಸಿಕೊಂಡು ಉಂಡ.